ಗಾಳಿ ನಾನೂರು, ವಜ್ರ ನೂರ ತೊಂಬತ್ತು

ನಾನು ಹೇಳಿದ ಲೆಕ್ಕ ತಪ್ಪಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮೂರ ಪುರಸಭೆಯ ದಫ್ತರದಲ್ಲಿ ತಪ್ಪಿತು ಅಂತಲೇ ಬರೆದಿದೆ. ಮುಂದೆ ಯಾರಾದರೂ ಅದನ್ನು ತೆಗೆದು ಓದಿದರೆ, ಚೂಡಾಮಣಿ ಅನ್ನುವ ಹೆಂಗಸೊಬ್ಬಳು ಬಾಯಿಗೆ ಬಂದದ್ದು ಹೇಳಿ ಇನ್ನೂರ ಹನ್ನೆರಡು ದಿನ ಮೂಕಿಯಾಗಿ ಕೂತಿದ್ದಳು, ಅವಳಿಗೆ ತಕ್ಕ ಶಾಸ್ತಿಯಾಯಿತು ಅಂದುಕೊಳ್ಳುತ್ತಾರೆ. ಆ ಚೂಡಾಮಣಿ ನಾನೇ.

ನಮ್ಮೂರಲ್ಲಿ ಮುಂದೆ ಹೀಗಾಗುತ್ತದೆ ಅಂತ ಬಾಯಿಬಿಟ್ಟು ಹೇಳಿ, ಅದು ಹಾಗಾಗದೆ ಹೋದರೆ ಹೇಳಿದವರ ದನಿ ಹೋಗುತ್ತದೆ. ಲೆಕ್ಕ ಹೇಳಿದ್ದರೆ ಎಷ್ಟು ತಪ್ಪಿತೋ ಅಷ್ಟು ದಿನ. ಹೊತ್ತು ಹೇಳಿದ್ದರೆ ನಿಮಿಷಕ್ಕೊಂದು ದಿನ. ಬರೀ ಮಾತಾದರೆ ಒಂದು ದಿನ. ಅದಕ್ಕೇ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ, ರಸ್ತೆ ಕಡೆ ಕತ್ತು ತಿರುಗಿಸುತ್ತಾರೆ ಅಷ್ಟೆ. ಡಾಕ್ಟರು ವಾಸಿಯಾಗಬಹುದು ಅನ್ನುತ್ತಾರೆ. ಬರೆದದ್ದಕ್ಕೆ ಈ ಕಾಟವಿಲ್ಲ, ಆದರೂ ರೂಢಿಯ ಮೇಲೆ ಲಗ್ನಪತ್ರಿಕೆಯಲ್ಲೂ ‘ವಿವಾಹವು ನೆರವೇರಬಹುದು’ ಅಂತಲೇ ಅಚ್ಚು ಹಾಕಿಸುತ್ತಾರೆ. ಅಳುವ ಮಗುವಿಗೆ ‘ಅಪ್ಪ ಈಗ ಬರ್ತಾರೆ’ ಅಂದ ತಾಯಂದಿರು ಮಾರನೇ ದಿನದವರೆಗೆ ಕೈಸನ್ನೆಯಲ್ಲೇ ಅಡುಗೆ ಮಾಡಿ ಬಡಿಸುವುದು ನಮ್ಮಲ್ಲಿ ದಿನಾ ಕಾಣುವ ನೋಟ.

ಆದರೆ ಊರೆಲ್ಲ ‘ಬಹುದು’ ಅಂತ ಕೂತರೆ ಕೆಲಸ ಸಾಗಬೇಕಲ್ಲ. ಹೊರಗಿನ ಸಾಮಾನು ನಮ್ಮೂರಿಗೆ ಬರುವುದು ವರ್ಷಕ್ಕೊಂದು ಸಲ, ಹಬ್ಬದ ತಿಂಗಳಿಗೆ ಮುಂಚೆ. ಆ ತಿಂಗಳಲ್ಲಿ ಯಾವುದು ಎಷ್ಟು ಮಾರಾಟವಾಗುತ್ತದೆ ಅಂತ ಒಬ್ಬರು ಪುರಸಭೆಯ ಜಗಲಿ ಮೇಲೆ ನಿಂತು ಕೂಗಿ ಹೇಳಬೇಕು. ಹೇಳಿದಷ್ಟು ಲಾರಿಯಲ್ಲಿ ಬರುತ್ತದೆ. ಹತ್ತೊಂಬತ್ತು ವರ್ಷ ಆ ಕೆಲಸ ಮಾಡಿದವಳು ನಾನು. ಸ್ಟವ್, ಸೈಕಲ್, ಮಿಕ್ಸಿ, ಕೊಡೆ ಎಲ್ಲ ಹೇಳಿದ್ದೇನೆ. ಕುಕ್ಕರಿನ ವರ್ಷ ಹನ್ನೊಂದು ದಿನ ಮೌನವಾಗಿದ್ದೆ, ಅದೇ ದೊಡ್ಡದು. ‘ಕಮ್ಮಿ ಹೇಳಿಬಿಡಿ ಚೂಡಮ್ಮ, ತಂದದ್ದೆಲ್ಲ ಖರ್ಚಾಗುತ್ತೆ, ತಪ್ಪೋ ಪ್ರಶ್ನೆಯೇ ಇಲ್ಲ’ ಅಂತ ಉಪಾಯ ಹೇಳಿಕೊಟ್ಟವರೂ ಇದ್ದರು. ಹಾಗೆ ಮಾಡಿದರೆ ಬೇಕಾದವರು ಅಂಗಡಿ ಬಾಗಿಲಿಂದ ಬರಿಗೈಲಿ ವಾಪಸ್ ಹೋಗಬೇಕು. ನನ್ನ ನಾಲಿಗೆ ಉಳಿಸಿಕೊಳ್ಳೋಕೆ ಇನ್ನೊಬ್ಬರನ್ನು ಬರಿಗೈಲಿ ಕಳಿಸುವುದು ನನ್ನಿಂದಾಗಲಿಲ್ಲ.

ಊರಲ್ಲಿ ಇನ್ನೊಬ್ಬರು ಅಂದಾಜುಗಾರರಿದ್ದರು, ಮುಕುಂದರಾಯರು. ಅವರ ದನಿ ಒಂದು ದಿನಕ್ಕೂ ಹೋದದ್ದಿಲ್ಲ. ಹೋಗುವುದಾದರೂ ಹೇಗೆ? ‘ಮಾರಾಟ ಜೋರಾಗಿರಬಹುದು, ಆದರೆ ಅಷ್ಟೇನೂ ಇಲ್ಲದೆಯೂ ಇರಬಹುದು’ ಅನ್ನುವುದು ಅವರ ಮಾತಿನ ವರಸೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪದ ಮಹಾನುಭಾವರು ಅಂತ ಅವರಿಗೆ ಶಾಲು ಹೊದಿಸಿದ್ದರು. ಒಂದು ಸಂಖ್ಯೆ ಹೇಳಿ ಮೈಮೇಲೆ ಎಳೆದುಕೊಂಡವಳಿಗೆ ಶಾಲು ಹೋಗಲಿ, ಕೂರಲು ಕುರ್ಚಿಯನ್ನೂ ಹಾಕುತ್ತಿರಲಿಲ್ಲ.

ಆ ವರ್ಷ ಬಂದದ್ದು ವಿಡಿಯೋ ಗೇಮ್ ಯಂತ್ರಗಳು. ಎರಡು ಕಂಪನಿಗಳು, ಎರಡಕ್ಕೂ ನಮ್ಮೂರಲ್ಲಿ ಏಜೆಂಟು ಒಬ್ಬನೇ, ಪೇಟೆಬೀದಿಯ ಶೇಷಗಿರಿ. ಒಂದರ ಹೆಸರು ವಜ್ರ. ಕಪ್ಪಗೆ, ಹೊಳೆಹೊಳೆಯುವ ದೊಡ್ಡ ಪೆಟ್ಟಿಗೆ. ಎರಡೂ ಕೈಲಿ ಹಿಡಿದು ಆಡುವ ರಿಮೋಟು, ಅದರ ಮೈತುಂಬ ಗುಂಡಿ. ಚಿತ್ರವಂತೂ ಸಿನಿಮಾ ನೋಡಿದ ಹಾಗೆ. ಇನ್ನೊಂದು ಗಾಳಿ. ಊಟದ ಡಬ್ಬಿಯಷ್ಟು ಬಿಳಿ ಪೆಟ್ಟಿಗೆ, ಜೊತೆಗೆ ಗೇಣುದ್ದದ ಒಂದು ಕೋಲು. ಕೋಲು ಹಿಡಿದು ನೀವು ಕೈ ಬೀಸಿದರೆ ಟೀವಿಯೊಳಗಿನ ಆಟಗಾರನೂ ಬೀಸುತ್ತಾನೆ. ಚೆಂಡು ಬಂತು, ಹೊಡೆದಿರಿ, ಹೋಯಿತು. ಕಲಿಯುವುದಕ್ಕೆ ಏನೂ ಇಲ್ಲ.

ಸ್ಕೂಲಿನ ಹಾಲಿನಲ್ಲಿ ಮೂರು ದಿನ ಎರಡನ್ನೂ ಪ್ರದರ್ಶನಕ್ಕಿಟ್ಟರು. ತಿಳಿದವರು ಅನ್ನಿಸಿಕೊಂಡವರೆಲ್ಲ ಮುಂದಿನ ಸಾಲಲ್ಲಿ ಕೂತು ಟೀವಿ ನೋಡಿದರು. ನಾನು ಟೀವಿಗೆ ಬೆನ್ನು ಹಾಕಿ, ಹಿಂದೆ ಗೋಡೆಗೆ ಒರಗಿ ನಿಂತವರ ಕೈ ನೋಡಿದೆ. ವಜ್ರದ ಆಟ ನಡೆಯುವಾಗ ಎಲ್ಲರ ಕೈ ಎದೆಯ ಮೇಲೆ ಕಟ್ಟಿಕೊಂಡಿರುತ್ತಿತ್ತು. ಗಾಳಿಯ ಆಟ ಶುರುವಾದ ತಕ್ಷಣ ಅವರಿಗೇ ಗೊತ್ತಿಲ್ಲದ ಹಾಗೆ ಮಣಿಕಟ್ಟು ಅಲ್ಲಾಡುತ್ತಿತ್ತು. ಹೊಲಿಗೆ ಜಲಜಾಕ್ಷಿಯ ಕೈ, ಬಟ್ಟೆ ಇಸ್ತ್ರಿ ಮಾಡುವವರ ಕೈ, ಕೋಲೂರಿಕೊಂಡು ಬಂದ ಮುದುಕರ ಕೈ, ಸೊಂಟದ ಮೇಲೆ ಮಗು ಕೂರಿಸಿಕೊಂಡವಳ ಇನ್ನೊಂದು ಕೈ. ಮೂರು ದಿನ ಎಣಿಸಿದೆ. ಆಮೇಲೆ ಅವರವರ ಮನೆಗೆ ಹೋಗಿ ಕೂತು ವಿಚಾರಿಸಿದೆ. ‘ನಮ್ಮಂಥೋರು ಆಡಬಹುದಾ ಚೂಡಮ್ಮ?’ ಅಂತ ಕೇಳಿದವರೇ ಎಲ್ಲ. ಜಗಲಿ ಹತ್ತಿ ನಿಂತು ಕೂಗಿದೆ. ‘ಗಾಳಿ ನಾನೂರು, ವಜ್ರ ನೂರ ತೊಂಬತ್ತು!’

ಜಗಲಿಯ ಕೆಳಗೆ ನಗು ಎದ್ದಿತು. ಮುಕುಂದರಾಯರು ಶಾಲು ಸರಿಮಾಡಿಕೊಂಡು ಹೇಳಿದರು, ‘ನೋಡೀಮ್ಮಾ, ಗೇಮು ಅಂದರೆ ಆಡೋರು ಬೇರೆ. ಅಜ್ಜಿಯರು, ಅಡುಗೆ ಮನೆಯೋರು, ಇವರೆಲ್ಲ ಆಟಗಾರರ ಲೆಕ್ಕಕ್ಕೆ ಬರದೇ ಇರಬಹುದು. ವಜ್ರ ಮುಂದಿರಬಹುದು. ಗಾಳಿ ಹಿಂದೆ ಬೀಳಬಹುದು, ಬೀಳದೆಯೂ ಇರಬಹುದು.’ ಜನ ತಲೆದೂಗಿದರು. ವಜ್ರದ ಕಂಪನಿಯವರೂ ಒಂದು ಫಲಕ ಬರೆಸಿ ಶೇಷಗಿರಿಯ ಅಂಗಡಿಗೆ ತಗುಲಿಸಿದರು, ‘ಮುಂದಿನ ವರ್ಷ ನಮ್ಮಲ್ಲೂ ಬೀಸುಕೋಲು.’ ಅದನ್ನು ಬಾಯಲ್ಲಿ ಹೇಳಿ ಅಂದರೆ ಕಂಪನಿಯ ಮನುಷ್ಯ ಕೆಮ್ಮಿ, ನೀರು ಕುಡಿದು, ಜಾಗ ಖಾಲಿ ಮಾಡಿದ.

ಹಬ್ಬದ ತಿಂಗಳು ಮುಗಿದ ದಿನ ಸಾಯಂಕಾಲ ಶೇಷಗಿರಿ ಲೆಕ್ಕ ತಂದು ಒಪ್ಪಿಸಿದ. ನಾನು ಅಂಗಳದಲ್ಲಿ ಬಟ್ಟೆ ತೆಗೆಯುತ್ತ ಪಕ್ಕದ ಮನೆಯವರ ಹತ್ತಿರ ಮಾತಾಡುತ್ತಿದ್ದೆ. ‘ಈ ಸೀರೆ ಇನ್ನೂ’ ಅಂದೆ, ‘ಒಣಗಿಲ್ಲ’ ಅನ್ನುವುದು ಹೊರಡಲಿಲ್ಲ. ಗಂಟಲಲ್ಲಿ ಗಾಳಿ ಮಾತ್ರ ಆಡುತ್ತಿತ್ತು. ಪಕ್ಕದ ಮನೆಯವರು ಕೆನ್ನೆಗೆ ಕೈ ಹಚ್ಚಿ ನಿಂತುಬಿಟ್ಟರು. ಸ್ವಲ್ಪ ಹೊತ್ತಿಗೆ ಸುದ್ದಿ ಬಂತು. ವಜ್ರ ನೂರ ತೊಂಬತ್ತು, ನಾನು ಹೇಳಿದಷ್ಟೇ. ಗಾಳಿ ನೂರ ಎಂಬತ್ತೆಂಟು. ಇನ್ನೂರ ಹನ್ನೆರಡು ಕಮ್ಮಿ. ಎರಡೇ ಎರಡು ಪೆಟ್ಟಿಗೆಯಲ್ಲಿ ವಜ್ರ ಗೆದ್ದಿತ್ತು.

ಒಂದು ವಾರ ಬಾಗಿಲು ಹಾಕಿಕೊಂಡು ಕೂತೆ. ನನ್ನ ಕಣ್ಣೇ ಮಂಜಾಯಿತೇನೋ ಅಂದುಕೊಂಡೆ. ಆಮೇಲೆ ಒಂದು ಸ್ಲೇಟು ಹಿಡಿದು, ಹಿಂದೆ ಹೋಗಿದ್ದ ಮನೆಗಳಿಗೇ ಮತ್ತೆ ಹೋದೆ. ‘ಯಾಕೆ ತಗೊಳ್ಳಲಿಲ್ಲ?’ ಅಂತ ಬರೆದು ತೋರಿಸಿದೆ. ಜಲಜಾಕ್ಷಿ ಹೊಲಿಗೆ ಮಿಷನ್ನು ನಿಲ್ಲಿಸಿ ಅಂದಳು, ‘ತಗೊಳ್ಳಲಿಲ್ಲವಾ? ಮೂರು ಸಲ ಹೋಗಿದ್ದೆ ಅಕ್ಕಾ! ಮೂರು ಸಲವೂ ಸ್ಟಾಕಿಲ್ಲ ಅಂದ. ವಜ್ರ ತಗೊಳ್ಳಿ, ಅದರಲ್ಲೂ ಕೋಲು ಬರಬಹುದು ಅಂದ. ಆ ಗುಂಡಿಗಳನ್ನ ಇಟ್ಕೊಂಡು ನಾನೇನು ಅಂಗಿಗೆ ಹೊಲೀಲಾ?’ ಮುಂದಿನ ಮನೆಯಲ್ಲೂ ಅದೇ ಮಾತು, ಅದರ ಮುಂದಿನ ಮನೆಯಲ್ಲೂ ಅದೇ. ಮುದುಕರಿಗೆ, ಹೆಂಗಸರಿಗೆ, ಕೈಕಾಲು ಸರಿಯಿಲ್ಲದವರಿಗೆ ಸ್ಟಾಕಿಲ್ಲ. ವಜ್ರ ಗೆದ್ದರೆ ಸುತ್ತಲ ಊರುಗಳ ಏಜೆನ್ಸಿಯೂ ನಿನಗೇ ಅಂತ ಆ ಕಂಪನಿಯವರು ಶೇಷಗಿರಿಗೆ ಬರೆದುಕೊಟ್ಟಿದ್ದು ಅವನ ಅಂಗಡಿಯ ಗುಮಾಸ್ತರ ಬಾಯಿಂದಲೇ ತಿಳಿಯಿತು.

ನನ್ನ ಮೈ ಉರಿದುಹೋಯಿತು. ಸ್ಟಾಕಿಲ್ಲ ಅನ್ನುವುದು ಮುಂದಿನ ಮಾತಲ್ಲ, ಆ ಹೊತ್ತಿನ ಮಾತು. ಅದಕ್ಕೆ ದನಿ ಹೋಗುವುದಿಲ್ಲ. ಹಾಡಹಗಲಲ್ಲಿ ಮುಖ ನೋಡಿಕೊಂಡು ಸುಳ್ಳು ಹೇಳಿದವನ ಗಂಟಲು ಗಂಟೆಯ ಹಾಗೆ ಮೊಳಗುತ್ತದೆ, ಇದ್ದದ್ದನ್ನು ಎಣಿಸಿ ಹೇಳಿದವಳು ಸ್ಲೇಟು ಹಿಡಿದು ಅಲೆಯಬೇಕು. ಇದು ಎಂಥ ನ್ಯಾಯ? ಯಾರನ್ನು ಕೇಳುವುದು? ಕೇಳಲು ಬಾಯಾದರೂ ಎಲ್ಲಿದೆ?

ಇನ್ನೂರಕ್ಕೂ ಮಿಕ್ಕಿ ಜನರ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಪುರಸಭೆಯ ಸಭೆಗೆ ಹೋದೆ. ಅಧ್ಯಕ್ಷರು ಕಾಗದ ಮುಟ್ಟಲೂ ಇಲ್ಲ. ‘ಸಭೆಯಲ್ಲಿ ಬಾಯಿಂದ ಬಂದ ಮಾತಿಗೆ ಮಾತ್ರ ಬೆಲೆ. ಬರೆದರೆ ಯಾರಿಗೇನು ನಷ್ಟ, ಯಾರು ಬೇಕಾದರೂ ಬರೀಬಹುದು’ ಅಂದರು. ಜಲಜಾಕ್ಷಿ ನನ್ನ ಪರವಾಗಿ ಎದ್ದಳು. ‘ನಮಗೆ ಕೊಡಲಿಲ್ಲ ಸ್ವಾಮಿ, ನಾವು ಕೇಳಿದ್ವಿ’ ಅಂದಳು. ‘ಇದು ಮಾರಾಟದ ಲೆಕ್ಕ ಕಣಮ್ಮಾ. ತಗೊಳ್ಳದೇ ಇದ್ದೋರ ಮಾತು ಇಲ್ಲಿ ಬರೋದಿಲ್ಲ’ ಅಂದರು ಅಧ್ಯಕ್ಷರು. ಶೇಷಗಿರಿ ಎದ್ದು ಕೈಮುಗಿದ. ‘ಲಾರಿಯಲ್ಲಿ ಬಂದದ್ದೇ ಅಷ್ಟು. ಕಂಪನಿ ಕಳಿಸದಿದ್ದರೆ ನಾನೇನು ಮಾಡಲಿ?’ ಮುಕುಂದರಾಯರು ನನ್ನ ಕಡೆ ಕರುಣೆಯಿಂದ ನೋಡಿ, ‘ಬೇಕು ಅಂತ ಕೈಯಾಡಿಸಿದೋರನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಹೀಗಾಗಬಹುದು’ ಅಂದರು. ನಾನು ಎದ್ದು ಬಾಯಿ ತೆರೆದೆ. ಏನೂ ಬರಲಿಲ್ಲ. ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ಆಗ ಕಂಬದ ಪಕ್ಕದಲ್ಲಿ ಕೂತಿದ್ದ ಒಬ್ಬರು ಮುದುಕಿ ಎಡಗೈಯಲ್ಲಿ ಕಂಬ ಹಿಡಿದು ಎದ್ದರು. ಬಲಗೈ ಸೆರಗಿನೊಳಗೆ ಜೋತುಬಿದ್ದಿತ್ತು. ಶೇಷಗಿರಿಯ ತಾಯಿ ತಿಮ್ಮಾಜಮ್ಮ. ಹಿಂದಿನ ವರ್ಷ ಲಕ್ವ ಹೊಡೆದು ಆ ಕೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಕೈಗೆ ಕೆಲಸ ಕೊಡುತ್ತಿರಿ, ಸುಧಾರಿಸಬಹುದು ಅಂತ ಡಾಕ್ಟರು ಹೇಳಿದ್ದರಂತೆ. ಸ್ಕೂಲಿನ ಹಾಲಿನಲ್ಲಿ ಗಾಳಿಯ ಕೋಲು ನೋಡಿ ಮಗನ ಹತ್ತಿರ ತನಗೊಂದು ಕೊಡು ಅಂದಿದ್ದರು. ಮಗ ತಾಯಿಗೂ ಸ್ಟಾಕಿಲ್ಲ ಅಂದಿದ್ದ.

‘ಶೇಷೂ’ ಅಂದರು ಅವರು. ‘ನಾನು ಹಪ್ಪಳ ಒಣಗಿಸೋ ಹಿತ್ತಲಿಗೂ ನಿನ್ನ ಗೋದಾಮಿಗೂ ನಡುವೆ ಒಂದೇ ಕಿಟಕಿ. ಬಿಳೀ ಪೆಟ್ಟಿಗೆ ಸೂರು ಮುಟ್ಟೋ ಹಾಗೆ ಪೇರಿಸಿರೋದು ನನ್ನ ಕಣ್ಣಿಗೆ ಬೀಳಲ್ಲ ಅಂದ್ಕೊಂಡೆಯಾ? ಕೈ ಹೋಗಿದೆ ಕಣೋ, ಕಣ್ಣು ಹೋಗಿಲ್ಲ.’

‘ಅಮ್ಮಾ, ಅವು ಬೇರೆ ಪೆಟ್ಟಿಗೆ. ನೀನು ಸುಮ್ಮನೆ ಕೂತ್ಕೋ.’

‘ಬೇರೆಯೋ ಅದೇನೋ, ಊರೇ ನೋಡಲಿ.’ ಅವರು ಅಧ್ಯಕ್ಷರ ಕಡೆ ತಿರುಗಿದರು. ‘ಬಾಯಿಂದ ಬಂದ ಮಾತು ಬೇಕು ಅಂದ್ರಲ್ಲ, ಬರ್ಕೊಳ್ಳಿ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ನನ್ನ ಮಗ ಗೋದಾಮಿನ ಬಾಗಿಲು ತೆಗೀತಾನೆ.’

ನಮ್ಮೂರಲ್ಲಿ ಇನ್ನೊಬ್ಬರು ಏನು ಮಾಡುತ್ತಾರೆ ಅಂತ ಯಾರೂ ಹೇಳುವುದಿಲ್ಲ, ಅದೂ ಗಡಿಯಾರದ ಹೊತ್ತಿಟ್ಟು. ತಾಯಿ ತನ್ನ ದನಿಯನ್ನು ತೆಗೆದು ಮಗನ ಕೈಗೆ ಕೊಟ್ಟಿದ್ದರು. ಶೇಷಗಿರಿ ಮುಖ ಬಿಳಿಚಿಕೊಂಡು ಹೊರಟುಹೋದ.

ಮಾರನೇ ಬೆಳಗ್ಗೆ ಒಂಬತ್ತಕ್ಕೇ ಗೋದಾಮಿನ ಮುಂದೆ ಜನ ಸೇರಿದರು. ತಿಮ್ಮಾಜಮ್ಮ ಮೆಟ್ಟಿಲ ಮೇಲೆ ಕೂತಿದ್ದರು, ನಾನು ಅವರ ಪಕ್ಕದಲ್ಲಿ. ಎದುರಿಗೆ ಗಡಿಯಾರದ ಕಂಬ. ಅವರು ಒಂದೇ ಸಮನೆ ಮಾತಾಡುತ್ತಿದ್ದರು, ಇದ್ದಷ್ಟು ಹೊತ್ತು ಖರ್ಚು ಮಾಡಿಬಿಡೋಣ ಅನ್ನುವ ಹಾಗೆ. ‘ಚಿಕ್ಕೋನಿದ್ದಾಗ ಇವನಿಗೆ ದೋಸೆ ಅಂದ್ರೆ ಪ್ರಾಣ. ಪಕ್ಕದ ಮನೆ ಹುಡುಗರಿಗೂ ಹರಿದು ಕೊಡ್ತಿದ್ದ. ಯಾವಾಗ ಹಿಂಗಾದನೋ ಗೊತ್ತಾಗಲಿಲ್ಲ ಚೂಡಾಮಣಿ. ಬರದೇ ಇರೋನಲ್ಲ, ಹೆತ್ತವಳು ನಾನು, ಅವನು’ ಅಂದರು. ಅವರ ತುಟಿ ಇನ್ನೂ ಆಡುತ್ತಿತ್ತು. ಶಬ್ದ ನಿಂತಿತ್ತು. ತಲೆಯೆತ್ತಿದರೆ ಗಡಿಯಾರದಲ್ಲಿ ಹತ್ತು ಕಳೆದಿತ್ತು. ಅವರು ನನ್ನ ಕಡೆ ನೋಡಿದರು. ಅಳಲಿಲ್ಲ. ಸೆರಗಿನಿಂದ ಒಮ್ಮೆ ಬಾಯಿ ಒರೆಸಿಕೊಂಡರು, ಅಷ್ಟೆ.

ಶೇಷಗಿರಿ ಬಂದದ್ದು ಹತ್ತೂ ಮೂವತ್ತಮೂರಕ್ಕೆ. ಬಾಗಿಲು ತೆಗೆಯಲೇ ಅಂತ ಕಂಪನಿಗೆ ಫೋನು ಮಾಡಿ ಕೇಳುತ್ತ ಕೂತಿದ್ದನಂತೆ. ತಾಯಿಯ ದನಿ ಉಳಿಸಲು ಕಂಪನಿಯ ಅಪ್ಪಣೆ ಬೇಕಿತ್ತು ಅವನಿಗೆ. ‘ಬೀಗದ ಕೈ ಈಗ ಸಿಕ್ಕಿತು’ ಅನ್ನುತ್ತ ಬಾಗಿಲು ತೆಗೆದ. ಒಳಗೆ ಬಿಳಿ ಪೆಟ್ಟಿಗೆಗಳು. ಜಲಜಾಕ್ಷಿ ಒಂದೊಂದಾಗಿ ಗಟ್ಟಿಯಾಗಿ ಎಣಿಸಿದಳು. ಇನ್ನೂರ ಹನ್ನೆರಡು. ಮಧ್ಯಾಹ್ನದ ಊಟದ ಹೊತ್ತಿಗೆ ಒಂದೂ ಉಳಿಯಲಿಲ್ಲ. ಇಸ್ತ್ರಿ ಅಂಗಡಿಯವರು ತಲೆ ಮೇಲೆ ಇಟ್ಟುಕೊಂಡು ಹೋದರು, ಕೋಲೂರುವ ಮುದುಕರು ರಿಕ್ಷಾದಲ್ಲಿ ಇಟ್ಟುಕೊಂಡು ಹೋದರು.

ಇಷ್ಟಾದ ಮೇಲೆ ಪುರಸಭೆ ಏನು ಮಾಡಿತು ಅಂತ ಕೇಳಿ. ಏನೂ ಮಾಡಲಿಲ್ಲ. ಹಬ್ಬದ ತಿಂಗಳು ಮುಗಿದ ಮೇಲಿನ ಮಾರಾಟ ಆ ವರ್ಷಕ್ಕೆ ಸೇರುವುದಿಲ್ಲವಂತೆ. ದಫ್ತರದಲ್ಲಿ ವಜ್ರವೇ ಗೆದ್ದಿದೆ, ಚೂಡಾಮಣಿಯೇ ತಪ್ಪಿದ್ದಾಳೆ. ಸುತ್ತಲ ಊರುಗಳ ಏಜೆನ್ಸಿ ಶೇಷಗಿರಿಗೇ ಬಂತು. ಮುಕುಂದರಾಯರು ‘ಎರಡೂ ಕಡೆ ತಪ್ಪಿರಬಹುದು’ ಅಂತ ತೀರ್ಪು ಕೊಟ್ಟರು. ಎರಡೂ ಕಡೆಯಂತೆ! ಎಣಿಸಿದವಳದೂ ಬಚ್ಚಿಟ್ಟವನದೂ ಒಂದೇ ತಪ್ಪಂತೆ! ನಾನು ಅವರ ಮನೆ ಮುಂದೆ ಹೋಗಿ ನಿಂತು, ಸ್ಲೇಟಿನ ತುಂಬ ದೊಡ್ಡ ಅಕ್ಷರದಲ್ಲಿ ‘ಥೂ’ ಅಂತ ಬರೆದು ತೋರಿಸಿ ಬಂದೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ತಿಮ್ಮಾಜಮ್ಮ ಮಗನ ಮನೆಗೆ ವಾಪಸ್ ಹೋಗಲಿಲ್ಲ. ಎರಡು ಸೀರೆ, ತಾವು ಗೋದಾಮಿನಿಂದ ಎತ್ತಿಸಿಕೊಂಡ ಒಂದು ಬಿಳಿ ಪೆಟ್ಟಿಗೆ ಹಿಡಿದು ನನ್ನ ಮನೆಗೆ ಬಂದರು. ಅವರಿಗೆ ಮೂವತ್ತಮೂರು ದಿನ, ನನಗೆ ಇನ್ನೂ ನೂರ ತೊಂಬತ್ತಕ್ಕೂ ಮೇಲೆ. ಇಬ್ಬರು ಮೂಕಿಯರ ಸಂಸಾರ. ಉಪ್ಪು ಬೇಕಾದರೆ ನಾಲಿಗೆ ತೋರಿಸುವುದು, ಹಾಲು ಉಕ್ಕಿದರೆ ಚಪ್ಪಾಳೆ. ಬೆಳಗ್ಗೆ ತಿಂಡಿಯಾದ ಮೇಲೆ ಟೀವಿ ಹಾಕಿ ಆಟ. ಅವರ ಬಲಗೈ ಬೆರಳು ಸರಿಯಾಗಿ ಮಡಚುತ್ತಿರಲಿಲ್ಲ, ಹಾಗಾಗಿ ಕೋಲನ್ನು ಅಂಗೈಗೆ ಇಟ್ಟು ಹಳೇ ಸೀರೆಯ ಅಂಚಿನಿಂದ ಸುತ್ತಿ ಕಟ್ಟುತ್ತಿದ್ದೆ. ಮೊದಲ ದಿನ ಚೆಂಡು ಒಂದೂ ತಾಗಲಿಲ್ಲ. ಐದನೇ ದಿನ ಒಂದು ತಾಗಿತು. ನೋವಿಗೆ ಕಣ್ಣಲ್ಲಿ ನೀರು ಬಂದರೂ ಬಿಡುತ್ತಿರಲಿಲ್ಲ. ಸೋತಾಗ ಟೀವಿಯ ಕಡೆ ನೋಡಿ ಬಾಯಲ್ಲಿ ಏನೇನೋ ಬೈಯುತ್ತಿದ್ದರು. ಕೇಳಿಸದಿದ್ದದ್ದೇ ಒಳ್ಳೆಯದು ಅನ್ನಿಸುವಂಥ ಬೈಗುಳ ಇರಬೇಕು.

ಇಪ್ಪತ್ತೊಂಬತ್ತನೇ ದಿನ ಚೆಂಡು ತುಂಬ ಎತ್ತರದಲ್ಲಿ ಬಂತು. ಬಿಟ್ಟುಬಿಡುತ್ತಾರೆ ಅಂದುಕೊಂಡೆ. ಅವರ ಭುಜ ನಡುಗಿತು, ಮೊಣಕೈ ಎದ್ದಿತು, ಇಡೀ ತೋಳು ತಲೆಗಿಂತ ಮೇಲೆ ಹೋಗಿ ಚೆಂಡನ್ನು ಬಡಿದು ಕೆಳಗೆ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಇಬ್ಬರೂ ಬಾಯಿ ಅಗಲಿಸಿ ಕೂಗಿದೆವು. ಮನೆಯಲ್ಲಿ ಟೀವಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಸಂತೋಷಕ್ಕೂ ನಮಗೆ ದನಿಯಿರಲಿಲ್ಲವಲ್ಲ, ಅದನ್ನೂ ಕಿತ್ತುಕೊಂಡಿದ್ದರಲ್ಲ ಅಂತ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಡುಗೆಮನೆಗೆ ಓಡಿ ಹಿತ್ತಾಳೆ ಪರಾತ, ಸೌಟು ತಂದು ಬಾಗಿಲಲ್ಲಿ ನಿಂತು ಬಡಿದೆ. ಬೀದಿಗೆ ಬೀದಿಯೇ ಓಡಿಬಂತು. ಜಲಜಾಕ್ಷಿ ಕತ್ತರಿ ಹಿಡಿದುಕೊಂಡೇ ಬಂದಳು. ತಿಮ್ಮಾಜಮ್ಮ ಮತ್ತೆ ಕೈ ಎತ್ತಿ ತೋರಿಸಿದರು. ನಾವು ಕೂಗಬೇಕಾದದ್ದನ್ನೆಲ್ಲ ಬೀದಿಯವರೇ ಕೂಗಿದರು.

ಗದ್ದಲ ಕೇಳಿ ಶೇಷಗಿರಿಯೂ ಬಂದ. ಅಷ್ಟು ದಿನದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಜನ ದಾರಿ ಬಿಟ್ಟರು. ಹೊಸಿಲ ಹೊರಗೇ ನಿಂತು, ‘ಅಮ್ಮಾ, ಕೈ ಎತ್ತಿದೆಯಂತೆ’ ಅಂದ. ಅವನ ಕಣ್ಣು ಒದ್ದೆಯಾಗಿತ್ತು, ಇಲ್ಲ ಅನ್ನುವುದಿಲ್ಲ. ‘ಮನೆಗೆ ಬಾರಮ್ಮ. ಇನ್ನು ಮೇಲೆ ನಾನು’ ಅಂದು ತಡೆದು ನಿಂತ. ನಾವೆಲ್ಲ ಅವನ ಬಾಯಿ ನೋಡುತ್ತಿದ್ದೆವು. ತಾಯಿಯೂ ಕತ್ತು ಮುಂದೆ ಮಾಡಿ ನೋಡುತ್ತಿದ್ದರು. ‘ಇನ್ನು ಮೇಲೆ ನಾನು ಸರಿಯಾಗಿ ಇರಬಹುದು’ ಅಂದ.

ತಿಮ್ಮಾಜಮ್ಮ ಅವನನ್ನೇ ನೋಡಿದರು. ಆಮೇಲೆ ಅವರ ಬಲಗೈ ನಿಧಾನವಾಗಿ ಎದ್ದಿತು. ಹೊಡೆಯುತ್ತಾರೋ ಏನೋ ಅಂತ ಅವನು ಅರ್ಧ ಕಣ್ಣು ಮುಚ್ಚಿದ. ತೋಳು ಭುಜದ ಮಟ್ಟಕ್ಕೆ ಬಂದು ನೆಟ್ಟಗಾಯಿತು. ಸೀರೆ ಅಂಚು ಸುತ್ತಿದ್ದ ಆ ಕೋಲು, ಅವನ ಹಿಂದಿದ್ದ ಬೀದಿ ಗೇಟನ್ನು ತೋರಿಸಿತು.

ಅವನು ಹೋದ. ತಿಮ್ಮಾಜಮ್ಮ ಟೀವಿಯ ಕಡೆ ತಿರುಗಿ, ಕಾಲು ಅಗಲಿಸಿ ನಿಂತರು, ಇನ್ನೊಂದು ಚೆಂಡು ಕಳಿಸು ಅಂತ ನನ್ನ ಕಡೆ ಗದ್ದ ಎತ್ತಿದರು.